ಹರ್ಪಿಸ್ ರಕ್ತಪರೀಕ್ಷೆ: ನಿಖರತೆ ಮತ್ತು ದೃಢೀಕರಣ

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಸೋಂಕು ತಗಲಿದೆಯೇ ಎಂದು ತಿಳಿಯಲು ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಇದು. ಈ ಪರೀಕ್ಷೆಗೆ ವೈರಸ್ ಕಾಣುವುದಿಲ್ಲ, ವೈರಸ್ಸಿಗೆ ದೇಹ ತೋರಿದ ಪ್ರತಿಕ್ರಿಯೆಯಷ್ಟೇ ಕಾಣುತ್ತದೆ. ಆದ್ದರಿಂದ ಸೋಂಕು ಯಾವಾಗ ತಗಲಿತು, ಯಾರಿಂದ ತಗಲಿತು, ದೇಹದ ಯಾವ ಭಾಗದಲ್ಲಿ ನೆಲೆಸಿದೆ ಎಂಬ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿಲ್ಲ. ಸೋಂಕು ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಹೇಳಲು ಹೊರಟಾಗಲೂ ಅದು ತಪ್ಪುವುದುಂಟು. ಸೋಂಕೇ ಇಲ್ಲದವರಿಗೆ ‘ಪಾಸಿಟಿವ್’ ಎಂದು ಬರುವ ಪ್ರಮಾಣ, ಸಾಮಾನ್ಯವಾಗಿ ಮಾಡಿಸುವ ಬೇರೆ ಅನೇಕ ಸೋಂಕಿನ ಪರೀಕ್ಷೆಗಳಿಗಿಂತ ಇಲ್ಲಿ ಹೆಚ್ಚು. ಒಂದು ಪಾಸಿಟಿವ್ ರಿಪೋರ್ಟನ್ನು ಬೇರೊಂದು ವಿಧಾನದಿಂದ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವ ಅಗತ್ಯ ಹುಟ್ಟಿರುವುದು ಇದರಿಂದಲೇ.

ವೈರಸ್ಸಿನಲ್ಲಿ ಎರಡು ಬಗೆ. ಒಂದನೆಯ ಬಗೆ (ಎಚ್‌ಎಸ್‌ವಿ-1) ಹೆಚ್ಚಾಗಿ ಬಾಯಿ, ತುಟಿಗಳಲ್ಲಿ ನೆಲೆಸುತ್ತದೆ. ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಏಳುವ ಗುಳ್ಳೆಗಳು ಬಹುಪಾಲು ಇದರವೇ. ಎರಡನೆಯ ಬಗೆ (ಎಚ್‌ಎಸ್‌ವಿ-2) ಲೈಂಗಿಕ ಸಂಪರ್ಕದಿಂದ ಹರಡಿ ಜನನಾಂಗಗಳಲ್ಲಿ ಹುಣ್ಣು ಮಾಡುತ್ತದೆ. ಎಷ್ಟೋ ಜನರಲ್ಲಿ ಯಾವ ಲಕ್ಷಣವನ್ನೂ ತೋರದೆ ಸುಮ್ಮನಿರುತ್ತದೆ. ನಮ್ಮಲ್ಲಿ ಸರ್ಪಸುತ್ತು ಎನ್ನುವ ಬೇನೆ ಸಿಡುಬಿನಂಥ ಗುಳ್ಳೆಗಳ ಚಿಕನ್‌ಪಾಕ್ಸ್ ವೈರಸ್ಸಿನದು. ಅದೂ ಇದೇ ಕುಟುಂಬಕ್ಕೆ ಸೇರಿದರೂ ಬೇರೆ ವೈರಸ್, ಅದರ ಪರೀಕ್ಷೆಯೂ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಒಂದನೆಯ ಬಗೆಯ ಸೋಂಕಿದೆ. ಅಂದರೆ ಆ ವಯಸ್ಸಿನವರಲ್ಲಿ ಶೇ. 64 ಮಂದಿ. 15ರಿಂದ 49 ವರ್ಷದವರಲ್ಲಿ ಸುಮಾರು 52 ಕೋಟಿ, ಅಂದರೆ ಶೇ. 13 ಮಂದಿಯಲ್ಲಿ ಎರಡನೆಯ ಬಗೆಯ ಸೋಂಕಿದೆ. ಒಂದನೆಯದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಮನೆಯವರ ಮುದ್ದಿನಿಂದ, ಎಂಜಲಿನಿಂದ ಅಂಟಿರುತ್ತದೆ. ಅದು ಪಾಸಿಟಿವ್ ಬಂದರೆ ಯಾರ ನಡತೆಯ ಬಗ್ಗೆಯೂ ಏನನ್ನೂ ಹೇಳಿದಂತಾಗುವುದಿಲ್ಲ.

ಪರೀಕ್ಷೆಯ ಬೆಳವಣಿಗೆ

ಎರಡು ಬಗೆಗಳ ವೈರಸ್‌ಗಳ ಪ್ರೋಟೀನುಗಳು ಬಹಳ ಮಟ್ಟಿಗೆ ಒಂದನ್ನೊಂದು ಹೋಲುತ್ತವೆ. ಇಡೀ ವೈರಸ್ಸನ್ನು ಅರೆದು ತಯಾರಿಸಿದ ಹಳೆಯ ಕಿಟ್‌ಗಳಿಗೆ ತುಟಿಗುಳ್ಳೆಯ ಪ್ರತಿಕಾಯ ಯಾವುದು, ಜನನಾಂಗದ ಹುಣ್ಣಿನ ಪ್ರತಿಕಾಯ ಯಾವುದು ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ವೈರಸ್ಸಿನ ಹೊರಕವಚದಲ್ಲಿರುವ ಗ್ಲೈಕೋಪ್ರೋಟೀನ್-ಜಿ ಎಂಬ ಭಾಗ ಮಾತ್ರ ಎರಡರಲ್ಲೂ ಸಾಕಷ್ಟು ಬೇರೆಯಾಗಿದೆ ಎಂಬುದು ಗೊತ್ತಾದ ಮೇಲೆ ಬಗೆ ಬೇರ್ಪಡಿಸುವ ಪರೀಕ್ಷೆಗಳು ಸಾಧ್ಯವಾದವು. ಅವು ಮಾರುಕಟ್ಟೆಗೆ ಬಂದದ್ದು 1999ರಲ್ಲಿ. ಅದಕ್ಕೂ ಮುಂಚೆ, 1980ರ ದಶಕದಲ್ಲೇ, ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೆಸ್ಟರ್ನ್ ಬ್ಲಾಟ್ ವಿಧಾನ ರೂಪುಗೊಂಡಿತ್ತು. ವೈರಸ್ಸಿನ ಅನೇಕ ಪ್ರೋಟೀನುಗಳನ್ನು ಪಟ್ಟೆ ಪಟ್ಟೆಯಾಗಿ ಹರಡಿ, ರೋಗಿಯ ರಕ್ತದ ಪ್ರತಿಕಾಯ ಯಾವ ಯಾವ ಪಟ್ಟೆಗೆ ಅಂಟುತ್ತದೆ ಎಂದು ನೋಡುವ ಈ ವಿಧಾನವನ್ನೇ ಉಳಿದೆಲ್ಲ ಪರೀಕ್ಷೆಗಳನ್ನು ಒರೆಗೆ ಹಚ್ಚಲು ಈಗಲೂ ಬಳಸುತ್ತಾರೆ.

ಇಂದು ರಾಯಚೂರು, ಸಿಂಧನೂರು, ಮಾನ್ವಿಯಂಥ ಊರುಗಳ ಖಾಸಗಿ ಲ್ಯಾಬುಗಳಲ್ಲೋ ಕಲೆಕ್ಷನ್ ಸೆಂಟರುಗಳಲ್ಲೋ ರಕ್ತ ಕೊಟ್ಟರೆ, ನಡೆಯುವುದು ಹೆಚ್ಚಾಗಿ ಎಲೈಸಾ ಅಥವಾ ಕೆಮಿಲ್ಯೂಮಿನಿಸೆನ್ಸ್ ವಿಧಾನದ ಪರೀಕ್ಷೆ. ಇವುಗಳಲ್ಲಿ ಪ್ರತಿಕಾಯ ಅಂಟಿದಷ್ಟೂ ಬಣ್ಣವೋ ಬೆಳಕೋ ಹೆಚ್ಚುತ್ತದೆ. ಅದನ್ನು ಯಂತ್ರ ಅಳೆದು ಒಂದು ಸಂಖ್ಯೆಯಾಗಿ ಕೊಡುತ್ತದೆ. ಸಂಖ್ಯೆ ಗೊತ್ತುಮಾಡಿದ ಗೆರೆಯನ್ನು ದಾಟಿದರೆ ‘ಪಾಸಿಟಿವ್’ ಅಥವಾ ‘ರಿಯಾಕ್ಟಿವ್’. ವಿದೇಶಗಳಲ್ಲಿ ಹೆಚ್ಚು ಬಳಕೆಯಾದ ಹರ್ಪಿಸೆಲೆಕ್ಟ್ ಎಂಬ ಎಲೈಸಾ ಕಿಟ್‌ನಲ್ಲಿ 0.90ಕ್ಕಿಂತ ಕಡಿಮೆ ಬಂದರೆ ನೆಗೆಟಿವ್, 1.10ಕ್ಕಿಂತ ಹೆಚ್ಚು ಬಂದರೆ ಪಾಸಿಟಿವ್, ನಡುವಿನದು ಅನಿಶ್ಚಿತ.

ತೊಡಕಿರುವುದು ಈ ಗೆರೆಯ ಹತ್ತಿರದಲ್ಲೇ. ಗೆರೆಯನ್ನು ಸ್ವಲ್ಪವೇ ದಾಟಿದ ಸಂಖ್ಯೆಗಳಲ್ಲಿ ಸುಳ್ಳು ಪಾಸಿಟಿವ್‌ಗಳು ಕಿಕ್ಕಿರಿದಿರುತ್ತವೆ. ಒಂದನೆಯ ಬಗೆಯ ಪ್ರತಿಕಾಯವಿರುವವರಲ್ಲಿ ಇದು ಮತ್ತೂ ಹೆಚ್ಚು. ನಮ್ಮಲ್ಲಿ ದೊಡ್ಡವರ ಪೈಕಿ ಬಹಳ ಜನ ಆ ಗುಂಪಿನವರೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2021ರ ತನ್ನ ಮಾರ್ಗಸೂಚಿಯಲ್ಲಿ ಉಲ್ಲೇಖಿಸಿದ ಅಧ್ಯಯನವೊಂದರಲ್ಲಿ, 1.1ರಿಂದ 2.9ರವರೆಗಿನ ಸಂಖ್ಯೆಗಳಲ್ಲಿ ನಿರ್ದಿಷ್ಟತೆ, ಅಂದರೆ ಸೋಂಕಿಲ್ಲದವರನ್ನು ಸರಿಯಾಗಿ ಬಿಟ್ಟುಕೊಡುವ ಶಕ್ತಿ, ಶೇ. 39.8ಕ್ಕೆ ಕುಸಿದಿತ್ತು. 3.0ರ ಮೇಲೂ ಅದು ಶೇ. 78.6 ಮಾತ್ರ. ಹಾಗಾಗಿ 3.0ಕ್ಕಿಂತ ಕೆಳಗಿನ ಪಾಸಿಟಿವ್‌ಗಳನ್ನು ಬೇರೆ ವಿಧಾನದಿಂದ ಖಚಿತಪಡಿಸದೆ ನಂಬಬಾರದು ಎಂಬುದು ಆ ಮಾರ್ಗಸೂಚಿಯ ಸಲಹೆ. ಈ ಅಂಕಿಗಳು ಒಂದು ಕಿಟ್‌ನವು, ಒಂದು ದೇಶದವು ಎಂಬುದನ್ನು ಓದುಗರು ಮರೆಯಬಾರದು. ಮಾನ್ವಿಯ ರಿಪೋರ್ಟಿನಲ್ಲಿ 2.4 ಎಂದಿದ್ದರೆ, ಅದು ಯಾವ ಕಂಪನಿಯ ಕಿಟ್, ಅದರ ಗೆರೆ ಯಾವುದು ಎಂದು ಮೊದಲು ಕೇಳಬೇಕು. ಒಂದು ಕಿಟ್‌ನ ಸಂಖ್ಯೆಯನ್ನು ಇನ್ನೊಂದರ ಅಳತೆಯಲ್ಲಿ ಓದಲು ಬರುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ 2023ರ ನವೆಂಬರಿನಲ್ಲಿ, ಎರಡನೆಯ ಬಗೆಯ ರಕ್ತಪರೀಕ್ಷೆಗಳು ಸುಳ್ಳು ಪಾಸಿಟಿವ್ ಕೊಡುವ ಸಂಭವದ ಬಗ್ಗೆ ವೈದ್ಯರಿಗೆ ಮತ್ತು ಲ್ಯಾಬುಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ಸುಳ್ಳು ನೆಗೆಟಿವ್ ಕೂಡ ಇದೆ. ಸೋಂಕು ತಗಲಿದ ಮೊದಲ ಕೆಲವು ವಾರ ಪ್ರತಿಕಾಯಗಳು ಇನ್ನೂ ತಯಾರಾಗಿರುವುದಿಲ್ಲ. 12 ವಾರ ಕಳೆದ ಮೇಲಿನ ರಕ್ತವೇ ನಂಬಲು ಯೋಗ್ಯ. ಒಂದನೆಯ ಬಗೆಯ ಪ್ರತಿಕಾಯವನ್ನು ಗುರುತಿಸುವುದರಲ್ಲಿ ಎಲೈಸಾ ಇನ್ನೂ ದುರ್ಬಲ. ಮೇಲೆ ಹೇಳಿದ ಅಧ್ಯಯನದಲ್ಲಿ ಸೋಂಕಿತರಲ್ಲಿ ಶೇ. 70ರಷ್ಟನ್ನು ಮಾತ್ರ ಅದು ಹಿಡಿಯಿತು.

ಒಂದೂರಿನ ಲೆಕ್ಕ

ಪರೀಕ್ಷೆಯ ಸಂವೇದಿತೆ ಎಂದರೆ ಸೋಂಕಿದ್ದವರನ್ನು ಹಿಡಿಯುವ ಶಕ್ತಿ. ನಿರ್ದಿಷ್ಟತೆ ಎಂದರೆ ಸೋಂಕಿಲ್ಲದವರನ್ನು ಸರಿಯಾಗಿ ಬಿಟ್ಟುಕೊಡುವ ಶಕ್ತಿ. ಇವೆರಡೂ ಚೆನ್ನಾಗಿದ್ದ ಮಾತ್ರಕ್ಕೆ ಕೈಯಲ್ಲಿರುವ ರಿಪೋರ್ಟು ನಿಜವಾಗಿಬಿಡುವುದಿಲ್ಲ. ಊರಿನಲ್ಲಿ ಸೋಂಕು ಎಷ್ಟಿದೆ ಎಂಬುದೂ ಅದನ್ನು ನಿರ್ಧರಿಸುತ್ತದೆ. ಮಾನ್ವಿ-ಸಿಂಧನೂರು ರಸ್ತೆಯ ಪೋತ್ನಾಳದಂಥ ಒಂದೂರನ್ನು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 1000 ವಯಸ್ಕರ ಪೈಕಿ 100 ಜನರಿಗೆ ಎರಡನೆಯ ಬಗೆಯ ಸೋಂಕಿದೆ ಎಂದಿರಲಿ. ಸಂವೇದಿತೆ ಶೇ. 95, ನಿರ್ದಿಷ್ಟತೆ ಶೇ. 90 ಇರುವ ಕಿಟ್‌ನಿಂದ ಎಲ್ಲರ ರಕ್ತ ನೋಡಿದರೆ ಸೋಂಕಿತರಲ್ಲಿ 95 ಜನ ಸಿಕ್ಕುತ್ತಾರೆ. ಸೋಂಕಿಲ್ಲದ 900 ಜನರಲ್ಲಿ 90 ಮಂದಿಗೂ ಪಾಸಿಟಿವ್ ಬರುತ್ತದೆ. 185 ಪಾಸಿಟಿವ್ ರಿಪೋರ್ಟುಗಳಲ್ಲಿ ಅರ್ಧಕ್ಕೆ ಹತ್ತಿರ ಸುಳ್ಳು. ಸೋಂಕಿರುವವರು 20 ಜನ ಮಾತ್ರ ಎಂದಾದರೆ ನಿಜವಾದ ಪಾಸಿಟಿವ್ 19, ಸುಳ್ಳು 98. ಆರು ರಿಪೋರ್ಟಿನಲ್ಲಿ ಒಂದು ಮಾತ್ರ ನಿಜ. ಕಿಟ್ ಅದೇ, ಲ್ಯಾಬ್ ಅದೇ.

ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2016ರಲ್ಲಿ ಇಂಥದೇ ಲೆಕ್ಕ ಮಾಡಿತ್ತು. ಶೇ. 15 ಸೋಂಕಿರುವ 10,000 ಜನರನ್ನು ಪರೀಕ್ಷಿಸಿದರೆ 1,485 ನಿಜವಾದ ಪಾಸಿಟಿವ್, 1,445 ಸುಳ್ಳು ಪಾಸಿಟಿವ್. ಲಕ್ಷಣವಿಲ್ಲದವರಿಗೆ, ಗರ್ಭಿಣಿಯರೂ ಸೇರಿ, ಈ ಪರೀಕ್ಷೆ ಮಾಡಿಸಬೇಡಿ ಎಂದು ಅದು ಶಿಫಾರಸು ಮಾಡಿತು. 2023ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು.

ದೃಢೀಕರಣ ಏಕೆ ಬೇಕು ಎನ್ನುವುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ. ಮೊದಲ ಊರಿನ ಆ 185 ಜನರ ರಕ್ತವನ್ನು ಅಷ್ಟೇ ಗುಣದ, ಆದರೆ ಬೇರೆ ತತ್ವದ ಕಿಟ್‌ನಿಂದ ಮತ್ತೆ ನೋಡಿದರೆ ಸೋಂಕಿತರಲ್ಲಿ ಸುಮಾರು 90 ಜನ ಉಳಿಯುತ್ತಾರೆ, ಸುಳ್ಳು ಪಾಸಿಟಿವ್ ಬರೀ 9ಕ್ಕೆ ಇಳಿಯುತ್ತದೆ. ಈಗ ಹತ್ತರಲ್ಲಿ ಒಂಬತ್ತು ರಿಪೋರ್ಟು ನಿಜ. ಬೇರೆ ತತ್ವದ್ದು ಎಂಬ ಮಾತು ಇಲ್ಲಿ ಮುಖ್ಯ. ಅದೇ ಕಿಟ್‌ನಲ್ಲಿ, ಅದೇ ವಾರದಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರೆ ಮೊದಲ ಸಲ ತಪ್ಪಿಸಿದ ಕಾರಣವೇ ಎರಡನೆಯ ಸಲವೂ ತಪ್ಪಿಸುತ್ತದೆ. ಊರು ಬದಲಿಸಿ, ಮಾನ್ವಿಯಿಂದ ರಾಯಚೂರಿಗೆ ಹೋಗಿ ಬೇರೆ ಬೋರ್ಡಿನ ಲ್ಯಾಬಿನಲ್ಲಿ ರಕ್ತ ಕೊಟ್ಟರೂ, ಎರಡೂ ಕಡೆಯ ಮಾದರಿ ಕೊನೆಗೆ ಒಂದೇ ಬಗೆಯ ಯಂತ್ರಕ್ಕೆ ಹೋಗುವುದಾದರೆ ಆ ಖರ್ಚು ವ್ಯರ್ಥ.

ಟಾರ್ಚ್ ರಿಪೋರ್ಟು

ರಾಯಚೂರು ಭಾಗದಲ್ಲಿ ಹರ್ಪಿಸ್ ರಕ್ತಪರೀಕ್ಷೆ ಒಂದು ಮನೆಯೊಳಗೆ ಬರುವುದು ಲೈಂಗಿಕ ರೋಗದ ಶಂಕೆಯಿಂದ ಅಪರೂಪ. ಬರುವುದು ಬಸುರಿನ ದಾರಿಯಿಂದ. ಒಂದೆರಡು ಗರ್ಭಪಾತವಾದ, ಅಥವಾ ಮಗು ಹೊಟ್ಟೆಯಲ್ಲೇ ತೀರಿಕೊಂಡ ಹೆಣ್ಣುಮಗಳಿಗೆ ‘ಟಾರ್ಚ್ ಮಾಡಿಸ್ಕೊಂಡ್ ಬರ್ರಿ’ ಎಂದು ಚೀಟಿ ಬರೆದುಕೊಡುವ ರೂಢಿ ಕರ್ನಾಟಕದುದ್ದಕ್ಕೂ ಇದೆ. ಟಾಕ್ಸೋಪ್ಲಾಸ್ಮಾ, ರುಬೆಲ್ಲಾ, ಸೈಟೋಮೆಗಲೋ ವೈರಸ್, ಹರ್ಪಿಸ್ ಇವುಗಳ ಮೊದಲಕ್ಷರ ಕೂಡಿಸಿ ಈ ಹೆಸರನ್ನು 1971ರಲ್ಲಿ ಕೊಟ್ಟವರು ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಆಂಡ್ರೆ ನಹ್ಮಿಯಾಸ್ ಮತ್ತು ಅವರ ಸಂಗಡಿಗರು. ಹರ್ಪಿಸ್‌ನ ಎರಡು ಬಗೆಗಳನ್ನು ಬೇರೆ ಬೇರೆ ಎಂದು ತೋರಿಸಿಕೊಟ್ಟವರಲ್ಲೂ ನಹ್ಮಿಯಾಸ್ ಒಬ್ಬರು. ನವಜಾತ ಶಿಶುಗಳಲ್ಲಿ ಒಂದೇ ತೆರನಾಗಿ ಕಾಣುವ ಸೋಂಕುಗಳನ್ನು ವೈದ್ಯರು ಒಟ್ಟಿಗೆ ನೆನಪಿನಲ್ಲಿಡಲಿ ಎಂಬುದು ಅವರ ಉದ್ದೇಶವಾಗಿತ್ತು. ಗರ್ಭಪಾತದ ಕಾರಣ ಹುಡುಕುವ ಪ್ಯಾಕೇಜ್ ಆಗಿ ಅದು ಮಾರಾಟವಾಗುತ್ತಿರುವುದು ಆಮೇಲಿನ ಬೆಳವಣಿಗೆ.

ಆ ಪ್ಯಾಕೇಜಿನ ಹರ್ಪಿಸ್ ಭಾಗಕ್ಕೆ ಎರಡು ದೊಡ್ಡ ದೋಷಗಳಿವೆ. ಎಷ್ಟೋ ಕಿಟ್‌ಗಳು ಎರಡೂ ಬಗೆಗಳನ್ನು ಒಟ್ಟು ಸೇರಿಸಿ ‘ಎಚ್‌ಎಸ್‌ವಿ 1+2’ ಎಂದು ಒಂದೇ ಸಂಖ್ಯೆ ಕೊಡುತ್ತವೆ. ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಬಂದರೆ ಅದು ಬಾಲ್ಯದ ತುಟಿಗುಳ್ಳೆಯ ಗುರುತೇ ಆಗಿರುವ ಸಂಭವ ಹೆಚ್ಚು. ಎರಡನೆಯ ದೋಷ ಐಜಿಎಂ ಎಂಬ ಪ್ರತಿಕಾಯದ್ದು. ಐಜಿಎಂ ಪಾಸಿಟಿವ್ ಎಂದರೆ ಸೋಂಕು ಈಗಷ್ಟೇ ತಗಲಿದೆ ಎಂದು ಓದುವುದು ಬೇರೆ ಕೆಲವು ರೋಗಗಳಲ್ಲಿ ಸರಿ. ಹರ್ಪಿಸ್‌ನಲ್ಲಿ ಸೋಂಕು ಮರುಕಳಿಸಿದಾಗಲೂ ಐಜಿಎಂ ಕಾಣಿಸಿಕೊಳ್ಳುತ್ತದೆ, ಬಗೆ ಬೇರ್ಪಡಿಸಲು ಅದರಿಂದ ಆಗುವುದಿಲ್ಲ, ಸಂಬಂಧವಿಲ್ಲದ ಕಾರಣಗಳಿಗೂ ಅದು ಪಾಸಿಟಿವ್ ಆಗುತ್ತದೆ. ಆದ್ದರಿಂದ ಹರ್ಪಿಸ್ ಐಜಿಎಂ ಪರೀಕ್ಷೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ಸಿಡಿಸಿ ನೇರವಾಗಿ ಹೇಳುತ್ತದೆ. ಮತ್ತೆ ಮತ್ತೆ ಆಗುವ ಗರ್ಭಪಾತದ ತಪಾಸಣೆಯಲ್ಲಿ ಟಾರ್ಚ್‌ಗೆ ಸ್ಥಾನವಿಲ್ಲ ಎಂಬುದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ನಿಲುವು ಕೂಡ.

ಇಷ್ಟಾದರೂ ಆ ಕಾಗದ ಮನೆಗೆ ಬರುತ್ತದೆ. ದಪ್ಪ ಅಕ್ಷರದಲ್ಲಿ ಮುದ್ರಿತವಾದ ‘ರಿಯಾಕ್ಟಿವ್’ ಎಂಬ ಮಾತನ್ನು ಗಂಡನ ಮನೆಯವರು ಹೇಗೆ ಓದುತ್ತಾರೆ ಎಂಬುದನ್ನು ಲ್ಯಾಬು ಬಲ್ಲದೇ? ಗಂಡ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿ ದುಡಿಯುತ್ತಿರುವ ಮನೆಗಳಲ್ಲಿ, ದೇವದುರ್ಗದ ಕಡೆ ಅಂಥ ಮನೆಗಳು ಬಹಳ, ಈ ಒಂದು ಸಾಲು ಇಬ್ಬರಲ್ಲಿ ಒಬ್ಬರ ಮೇಲೆ ಆರೋಪವಾಗಿ ನಿಲ್ಲುತ್ತದೆ. ಹೆಚ್ಚಾಗಿ ಅದು ನಿಲ್ಲುವುದು ಹೆಣ್ಣಿನ ಮೇಲೆ. ಮಗುವನ್ನು ಕಳೆದುಕೊಂಡ ದುಃಖದಲ್ಲಿರುವವಳ ಮೇಲೆ, ಸೋಂಕಿನ ಬಗೆಯನ್ನೂ ಕಾಲವನ್ನೂ ಹೇಳಲಾರದ ಪರೀಕ್ಷೆಯೊಂದರ ಆಧಾರದಿಂದ ಇಂಥ ಹೊರೆ ಹೊರಿಸುವುದು ಅನ್ಯಾಯ. ಪರೀಕ್ಷೆ ಬರೆದುಕೊಡುವ ವೈದ್ಯರು ಅದರ ಮಿತಿಯನ್ನು ಬಾಯಿಬಿಟ್ಟು ಹೇಳಿದರೆ ಈ ಅನ್ಯಾಯದ ಬಹುಪಾಲನ್ನು ಮೊದಲೇ ತಡೆಯಬಹುದು. ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುವ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ತಪಾಸಣೆಗಳ ಸಾಲಿನಲ್ಲಿ ಹರ್ಪಿಸ್ ರಕ್ತಪರೀಕ್ಷೆ ಇಲ್ಲ. ಅದು ಇಲ್ಲದಿರುವುದೇ ಸರಿ.

ಬಸುರಿನಲ್ಲಿ ಹರ್ಪಿಸ್‌ಗೆ ಹೆದರಬೇಕಾದ ಸಂದರ್ಭ ಬೇರೆ ಇದೆ. ಕೊನೆಯ ಮೂರು ತಿಂಗಳಲ್ಲಿ ತಾಯಿಗೆ ಮೊದಲ ಬಾರಿ ಜನನಾಂಗದ ಹರ್ಪಿಸ್ ತಗಲಿದರೆ ಹೆರಿಗೆಯ ವೇಳೆ ಮಗುವಿಗೆ ಅಂಟುವ ಅಪಾಯ ಶೇ. 30ರಿಂದ 50. ಹಳೆಯ ಸೋಂಕು ಇರುವ ತಾಯಿಯಿಂದ ಈ ಅಪಾಯ ತೀರ ಕಡಿಮೆ, ಏಕೆಂದರೆ ಅವಳ ಪ್ರತಿಕಾಯಗಳೇ ಮಗುವನ್ನು ಕಾಯುತ್ತವೆ. ಹೆರಿಗೆ ನೋವು ಶುರುವಾದಾಗ ಹುಣ್ಣು, ಉರಿ, ಗುಳ್ಳೆ ಇವೆಯೇ ಎಂದು ಕೇಳಿ, ಕಣ್ಣಿಟ್ಟು ನೋಡುವ ದಾದಿಯ ತಪಾಸಣೆ ಇಲ್ಲಿ ಯಾವ ಎಲೈಸಾಗಿಂತಲೂ ಮೇಲು. ಹುಣ್ಣು ಕಂಡರೆ ಸಿಸೇರಿಯನ್ ಮಾಡುತ್ತಾರೆ. ಹಿಂದೆ ಹುಣ್ಣು ಮರುಕಳಿಸಿದ್ದವರಿಗೆ 36ನೇ ವಾರದಿಂದಲೇ ಅಸೈಕ್ಲೋವಿರ್ ಮಾತ್ರೆ ಕೊಡುವುದುಂಟು.

ಸಮೀಕ್ಷೆಗೆ ಸರಿ, ವ್ಯಕ್ತಿಗೆ ಸಾಲದು

ಕರ್ನಾಟಕದಲ್ಲಿ ಎರಡನೆಯ ಬಗೆಯ ರಕ್ತಪರೀಕ್ಷೆ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಎಚ್‌ಐವಿ ಸಂಶೋಧನೆಯ ಸಂದರ್ಭದಲ್ಲಿ. 2000ರ ದಶಕದ ನಡುವಿನಲ್ಲಿ ಬೆಂಗಳೂರು, ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಜಿಲ್ಲೆಗಳ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ನಡೆದ ಸಮೀಕ್ಷೆಗಳಲ್ಲಿ ಇದೂ ಒಂದು ಅಳತೆಯಾಗಿತ್ತು. 2005-06ರಲ್ಲಿ ಮೈಸೂರಿನಲ್ಲಿ 15ರಿಂದ 30 ವರ್ಷದ ಸುಮಾರು 900 ಮಹಿಳೆಯರ ಅಧ್ಯಯನದಲ್ಲಿ ಸಾಮಾನ್ಯ ಜನರಲ್ಲಿ ಈ ಸೋಂಕು ಎಷ್ಟಿದೆ ಎಂದು ನೋಡಲಾಯಿತು. ಎರಡನೆಯ ಬಗೆಯ ಹರ್ಪಿಸ್ ಇರುವವರಿಗೆ ಎಚ್‌ಐವಿ ತಗಲುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚಾಗಿರುವುದರಿಂದ ಈ ಅಳತೆಗೆ ಬೆಲೆಯಿತ್ತು. ಸಮೀಕ್ಷೆಯಲ್ಲಿ ತಪ್ಪು ಎಷ್ಟಿರಬಹುದು ಎಂದು ಗೊತ್ತಿದ್ದರೆ ಒಟ್ಟು ಲೆಕ್ಕವನ್ನು ತಿದ್ದಿಕೊಳ್ಳಬಹುದು. ಒಬ್ಬಳೇ ಹೆಂಗಸಿನ ಕೈಯಲ್ಲಿರುವ ರಿಪೋರ್ಟನ್ನು ಹಾಗೆ ತಿದ್ದಲು ಬರುವುದಿಲ್ಲ. ಉಗಾಂಡದಂಥ ಆಫ್ರಿಕದ ದೇಶಗಳಲ್ಲಿ ಇದೇ ಎಲೈಸಾಗಳನ್ನು ಒರೆಗೆ ಹಚ್ಚಿದಾಗ ಅಮೆರಿಕದಲ್ಲಿ ಸಿಕ್ಕಿದಷ್ಟು ನಿರ್ದಿಷ್ಟತೆ ಸಿಕ್ಕಲಿಲ್ಲ. ಸಂಶೋಧಕರು ಪಾಸಿಟಿವ್‌ನ ಗೆರೆಯನ್ನೇ ಮೇಲಕ್ಕೆ ಸರಿಸಬೇಕಾಯಿತು. ಕಿಟ್‌ನ ಪೆಟ್ಟಿಗೆಯ ಮೇಲೆ ಬರೆದ ನಿಖರತೆ ಎಲ್ಲ ಊರಿಗೂ ಒಂದೇ ಆಗಿರುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಎಚ್‌ಐವಿಯ ಮಾದರಿ ಮತ್ತು ಹರ್ಪಿಸ್‌ನ ಕೊರತೆ

ದೃಢೀಕರಣ ಹೇಗಿರಬೇಕು ಎಂಬುದಕ್ಕೆ ಮಾದರಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲೇ ಇದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಒಂದು ಕಿಟ್‌ನಲ್ಲಿ ಎಚ್‌ಐವಿ ರಿಯಾಕ್ಟಿವ್ ಬಂದರೆ ಅಷ್ಟಕ್ಕೇ ಯಾರನ್ನೂ ಸೋಂಕಿತರೆಂದು ಹೇಳುವುದಿಲ್ಲ. ಬೇರೆ ಬೇರೆ ಪ್ರತಿಜನಕ ಅಥವಾ ತತ್ವದ ಮೂರು ಕಿಟ್‌ಗಳು ಒಂದೇ ಮಾತು ಹೇಳಿದ ಮೇಲೆಯೇ ರಿಪೋರ್ಟು. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತ ಸಮಾಲೋಚನೆ, ಗೋಪ್ಯತೆ, ಎಲ್ಲವೂ ಉಚಿತ. ಹರ್ಪಿಸ್‌ಗೆ ಇಂಥ ಯಾವ ವ್ಯವಸ್ಥೆಯೂ ಇಲ್ಲ. ಒಂದೇ ಕಿಟ್, ಒಂದೇ ಸಂಖ್ಯೆ, ಸಮಾಲೋಚಕರಿಲ್ಲ. ರಿಪೋರ್ಟು ವಾಟ್ಸ್ಆ್ಯಪ್‌ನಲ್ಲಿ ಮೊಬೈಲಿಗೆ ಬಂದು ಬೀಳುತ್ತದೆ.

ಸಿಯಾಟಲ್‌ನ ವೆಸ್ಟರ್ನ್ ಬ್ಲಾಟ್‌ಗೆ ರಾಯಚೂರಿನಿಂದ ಸೀರಂ ಕಳಿಸುವುದು ಸಾಮಾನ್ಯ ಜನರ ಕೈಗೆಟುಕುವ ಮಾತಲ್ಲ. ಇಲ್ಲಿ ಸಾಧ್ಯವಿರುವ ದಾರಿ ಹೀಗಿದೆ. ಮೊದಲು, ರಿಪೋರ್ಟಿನಲ್ಲಿ ಬಗೆ ಬೇರ್ಪಡಿಸಿದ ಐಜಿಜಿ ಇದೆಯೇ, ಸಂಖ್ಯೆಯನ್ನು ಮುದ್ರಿಸಿದ್ದಾರೆಯೇ ಎಂದು ನೋಡಬೇಕು. ಬರೀ ‘ಪಾಸಿಟಿವ್’ ಎಂದಿದ್ದರೆ ಲ್ಯಾಬಿನಿಂದ ಸಂಖ್ಯೆಯನ್ನೂ ಕಿಟ್‌ನ ಹೆಸರನ್ನೂ ಕೇಳಿ ಪಡೆಯಬೇಕು. ಐಜಿಎಂ ಒಂದೇ ಇದ್ದರೆ ಅದನ್ನು ಬದಿಗಿಡಬಹುದು. ಸಂಖ್ಯೆ ಗೆರೆಯ ಹತ್ತಿರವಿದ್ದು, ಯಾವತ್ತೂ ಹುಣ್ಣು ಗುಳ್ಳೆ ಬಂದ ನೆನಪಿಲ್ಲದಿದ್ದರೆ, ಸಂಶಯದ ಸಂಪರ್ಕದಿಂದ 12 ವಾರ ಕಳೆದ ಮೇಲೆ ಬೇರೆ ಕಂಪನಿಯ, ಬೇರೆ ವಿಧಾನದ, ಗ್ಲೈಕೋಪ್ರೋಟೀನ್-ಜಿ ಆಧಾರಿತ ಪರೀಕ್ಷೆ ಮಾಡಿಸಬೇಕು. ಎರಡೂ ಹೊಂದದಿದ್ದರೆ ಸೋಂಕು ಸಿದ್ಧವಾಗಿಲ್ಲ ಎಂದೇ ತಿಳಿಯಬೇಕು. ರಾಯಚೂರಿನ ರಿಮ್ಸ್ ಅಥವಾ ನವೋದಯ ವೈದ್ಯಕೀಯ ಕಾಲೇಜಿನ ಚರ್ಮ ಮತ್ತು ಲೈಂಗಿಕ ರೋಗ ವಿಭಾಗದಲ್ಲಿ ಈ ಎರಡೂ ಕಾಗದಗಳನ್ನು ಒಟ್ಟಿಗೆ ತೋರಿಸುವುದು ಒಳ್ಳೆಯದು. ಒಂದೊಂದನ್ನು ಒಬ್ಬೊಬ್ಬರಿಗೆ ತೋರಿಸಿದರೆ ಗೊಂದಲ ಹೆಚ್ಚುತ್ತದೆ. ಹುಣ್ಣಿನ ಲಕ್ಷಣ ಮರುಕಳಿಸುತ್ತಿದ್ದೂ ಬೇರೆ ಪರೀಕ್ಷೆಯಲ್ಲಿ ಏನೂ ಸಿಗದವರಿಗೆ, ಸಂಗಾತಿಗೆ ಜನನಾಂಗದ ಹರ್ಪಿಸ್ ಇರುವುದು ಖಚಿತವಾದವರಿಗೆ ರಕ್ತಪರೀಕ್ಷೆಯಿಂದ ನಿಜವಾದ ಪ್ರಯೋಜನವಿದೆ. ಸಂಗಾತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದಾಗ, ಸೋಂಕಿತರು ದಿನವೂ ವ್ಯಾಲಸೈಕ್ಲೋವಿರ್ ತೆಗೆದುಕೊಂಡರೆ ಇನ್ನೊಬ್ಬರಿಗೆ ಹರಡುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿತು.

ಹುಣ್ಣಿನಿಂದಲೇ ಪರೀಕ್ಷೆ

ಗುಳ್ಳೆಯೋ ಹುಣ್ಣೋ ಕಣ್ಣಿಗೆ ಕಾಣುವಂತಿದ್ದರೆ ರಕ್ತಕ್ಕಿಂತ ಅದೇ ಒಳ್ಳೆಯ ಸಾಕ್ಷಿ. ಹೊಸ ಗುಳ್ಳೆಯನ್ನು ಒಡೆದು, ಬುಡದಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು ಪಿಸಿಆರ್ ಮಾಡಿದರೆ ವೈರಸ್ಸಿನ ಡಿಎನ್‌ಎ ಸಿಗುತ್ತದೆ, ಬಗೆ ಯಾವುದೆಂದೂ ತಿಳಿಯುತ್ತದೆ. ಪ್ರತಿಕಾಯದ ಅಡ್ಡಹೊಂದಿಕೆ, ಗೆರೆಯ ಹತ್ತಿರದ ಸಂಖ್ಯೆ, ಈ ಯಾವ ತಕರಾರೂ ಇಲ್ಲಿಲ್ಲ. ಕೋವಿಡ್ ಕಾಲದಲ್ಲಿ ರಿಮ್ಸ್‌ನಲ್ಲಿ ನಡೆದ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಬೇಕಾದಂಥ ಯಂತ್ರವೇ ಇದಕ್ಕೂ ಬೇಕು, ಬದಲಾಗಬೇಕಾದದ್ದು ಕಿಟ್. ಇದಕ್ಕಿಂತ ಅಗ್ಗದ್ದು ಟ್ಜಾಂಕ್ ಸ್ಮಿಯರ್. ಫ್ರಾನ್ಸಿನ ಆರ್ನೊ ಟ್ಜಾಂಕ್ 1947ರಲ್ಲಿ ರೂಢಿಗೆ ತಂದ ಈ ವಿಧಾನದಲ್ಲಿ ಹುಣ್ಣಿನ ಬುಡವನ್ನು ಕೆರೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ದೈತ್ಯ ಕೋಶಗಳನ್ನು ಹುಡುಕುತ್ತಾರೆ. ಕೂಡಲೇ ಉತ್ತರ ಸಿಗುತ್ತದೆ, ಆದರೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಸರ್ಪಸುತ್ತಿನ ಗುಳ್ಳೆಯಲ್ಲೂ ಅವೇ ಕೋಶಗಳು ಕಾಣುತ್ತವೆ.

ಲೈಂಗಿಕ ರೋಗಗಳಿಗಾಗಿ ಇರುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲ್ಯಾಬಿನ ಉತ್ತರಕ್ಕೆ ಕಾಯದೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುತ್ತಾರೆ. ಬಣ್ಣಬಣ್ಣದ ಏಳು ಔಷಧ ಕಿಟ್‌ಗಳಲ್ಲಿ ಕೆಂಪು ಬಣ್ಣದ ಐದನೆಯದು ಹರ್ಪಿಸ್ ಹುಣ್ಣಿಗೆ ಮೀಸಲು: ಅಸೈಕ್ಲೋವಿರ್ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಪೋತ್ನಾಳದ ಸುತ್ತಿನ ಹಳ್ಳಿಯವರಿಗೆ ಇದರಿಂದ ಆಗುವ ಅನುಕೂಲ ದೊಡ್ಡದು. ನಾಟಿ, ಕೊಯ್ಲಿನ ದಿನಗಳಲ್ಲಿ ಕೂಲಿ ಬಿಟ್ಟು ರಾಯಚೂರಿಗೆ ಓಡಾಡಬೇಕಾಗಿಲ್ಲ. ಆದರೆ ಮುಂದೆಂದಾದರೂ ಖಚಿತ ಉತ್ತರ ಬೇಕಾದರೆ ಹುಣ್ಣು ಹಸಿಯಿರುವಾಗಲೇ ಸ್ವಾಬ್ ಆಗಬೇಕು. ಗುಳ್ಳೆ ಎದ್ದ ಎರಡು ಮೂರು ದಿನದೊಳಗೆ ವೈರಸ್ ಚೆನ್ನಾಗಿ ಸಿಗುತ್ತದೆ, ಹಕ್ಕಳೆ ಕಟ್ಟಿದ ಮೇಲೆ ಸಿಗುವುದು ಕಷ್ಟ. ಹುಣ್ಣಿಲ್ಲದ ದಿನ ತೆಗೆದ ಸ್ವಾಬ್ ನೆಗೆಟಿವ್ ಬಂದರೆ ಅದರಿಂದ ಸೋಂಕಿಲ್ಲ ಎಂದು ಹೇಳಲಾಗದು, ಏಕೆಂದರೆ ವೈರಸ್ ಹೊರಬರುವುದು ಬಿಟ್ಟು ಬಿಟ್ಟು. ಹಾಗಾಗಿ ರಕ್ತದ ರಿಪೋರ್ಟು ಸಂಶಯದಲ್ಲಿ ನಿಂತವರಿಗೆ ವೈದ್ಯರು ಮುಲಾಮು ಬರೆಯುವ ಮೊದಲು ಹೇಳಬೇಕಾದ ಮಾತು ಒಂದಿದೆ: ಮುಂದಿನ ಸಲ ಗುಳ್ಳೆ ಎದ್ದ ದಿನವೇ, ಏನನ್ನೂ ಹಚ್ಚದೆ ಬನ್ನಿ.